ತೊಗರಿ ಬೇರಿನ ಗಂಟಿನಿಂದ ರೈಜೋಬಿಯಂ ಬೇರ್ಪಡಿಸುವ ಕೆಲಸ: 46 ದಿನಗಳ ಪ್ರಗತಿ

ದಿನ 1
ರೈಜೋಬಿಯಂ ಎಂದರೆ ಬೇಳೆಕಾಳು ಗಿಡದ ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ. ತಾಳಿಕೋಟೆ ಕಡೆಯ ಎರಿ ಹೊಲ. ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎನ್ನುವ ಡೋಣಿ ಹೊಳೆಯ ಸೀಮೆ. ಬೆಳೆ 50 ದಿನದ ಟಿಎಸ್-3ಆರ್ ತಳಿಯ ತೊಗರಿ. ಗಿಡವನ್ನು ಕೈಯಿಂದ ಕಿತ್ತರೆ ಕೆಲಸ ಅಲ್ಲೇ ಕೆಟ್ಟಿತು. ಎರಿ ಮಣ್ಣು ಬೇರನ್ನು ಬಿಡುವುದಿಲ್ಲ, ಗಂಟೆಲ್ಲ ನೆಲದಲ್ಲೇ ಉಳಿಯುತ್ತವೆ. ಬುಡದಿಂದ 15 ಸೆಂ.ಮೀ. ಬಿಟ್ಟು ಸುತ್ತಲೂ ಸಲಿಕೆ ಹಾಕಿ, ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅರ್ಧ ತಾಸು ನೆನೆಸಿ ಮಣ್ಣು ಕರಗಿಸಲಾಯಿತು.

ಒಂದೆರಡು ಗಂಟು ಸೀಳಿ ನೋಡಬೇಕು. ಒಳಗೆ ನಸುಗೆಂಪಿದ್ದರೆ ಆ ಬಣ್ಣದ ಪ್ರೋಟೀನ್ ಲೆಗ್‌ಹಿಮೋಗ್ಲೋಬಿನ್ ಇದೆ, ಸಾರಜನಕ ಕಟ್ಟುವ ಕೆಲಸ ನಡೆದಿದೆ. ಹಸಿರಾಗಿದ್ದರೆ ಗಂಟು ಮುದಿಯಾಗಿದೆ. ಆರಿಸಿದ ಗಂಟಿನ ಎರಡೂ ಬದಿಗೆ ಅರ್ಧ ಸೆಂ.ಮೀ. ಬೇರು ಉಳಿಸಿಕೊಂಡರೆ ಚಿಮಟಕ್ಕೆ ಹಿಡಿತ ಸಿಗುತ್ತದೆ, ಗಂಟು ಜಜ್ಜುವುದಿಲ್ಲ.

ದಿನ 2
ಯೀಸ್ಟ್ ಎಕ್ಸ್‌ಟ್ರಾಕ್ಟ್ ಮ್ಯಾನಿಟಾಲ್ ಅಗರ್: ಬ್ಯಾಕ್ಟೀರಿಯಾ ಬೆಳೆಸಲು ತಟ್ಟೆಗೆ ಹಾಕುವ ಆಹಾರ. 1 ಲೀಟರಿಗೆ ಮ್ಯಾನಿಟಾಲ್ 10 ಗ್ರಾಂ, ಡೈಪೊಟ್ಯಾಸಿಯಂ ಫಾಸ್ಫೇಟ್ 0.5, ಮೆಗ್ನೀಸಿಯಂ ಸಲ್ಫೇಟ್ 0.2, ಉಪ್ಪು 0.1, ಯೀಸ್ಟ್ ಎಕ್ಸ್‌ಟ್ರಾಕ್ಟ್ 0.5, ಅಗರ್ 15 ಗ್ರಾಂ, ಪಿಎಚ್ 6.8. ಇದಕ್ಕೆ 0.25% ಕಾಂಗೋ ರೆಡ್ ದ್ರಾವಣ 10 ಮಿ.ಲೀ. ಈ ಕೆಂಪು ಬಣ್ಣವನ್ನು ಬೇರೆ ಹಲವು ಬ್ಯಾಕ್ಟೀರಿಯಾ ಹೀರುತ್ತವೆ, ರೈಜೋಬಿಯಂ ಅಷ್ಟಾಗಿ ಹೀರುವುದಿಲ್ಲ. ಯೀಸ್ಟ್ ಹೆಚ್ಚಾದರೆ ಕೋಶಗಳು ಊದಿ ಆಕಾರ ಕೆಡುತ್ತವೆ.

ಬೋರ್‌ವೆಲ್ ನೀರು ಬೇಡವೇ ಬೇಡ. ಅದರ ಸುಣ್ಣದಂಶ ಫಾಸ್ಫೇಟ್ ಜೊತೆ ಸೇರಿ, ಕಾಯಿಸಿದ ಮೇಲೆ ಬಿಳಿ ಗಸಿಯಾಗಿ ಕೂರುತ್ತದೆ. ಮೊದಲ ಬ್ಯಾಚಿನಲ್ಲಿ ಹಾಗೇ ಆಗಿ, ಸೋಂಕು ತಗುಲಿದೆ ಎಂದು ತಟ್ಟೆಗಳನ್ನು ಎಸೆದದ್ದು ವ್ಯರ್ಥ ಖರ್ಚು. ಡಿಸ್ಟಿಲ್ಡ್ ನೀರು ಹಾಕಿದ ಮೇಲೆ ತಟ್ಟೆ ತಿಳಿಯಾಯಿತು. ಪ್ರೆಷರ್ ಕುಕ್ಕರಿನಲ್ಲಿ 15 ಪೌಂಡ್ ಒತ್ತಡ, 20 ನಿಮಿಷ.

ದಿನ 3
ಗಂಟುಗಳು 95% ಆಲ್ಕೋಹಾಲಿನಲ್ಲಿ 10 ಸೆಕೆಂಡ್, 3% ಸೋಡಿಯಂ ಹೈಪೋಕ್ಲೋರೈಟಿನಲ್ಲಿ 3 ನಿಮಿಷ, ಆಮೇಲೆ ಕ್ರಿಮಿಶುದ್ಧ ನೀರಿನಲ್ಲಿ 6 ಸಲ ತೊಳೆತ. 2 ಮಿ.ಮೀ.ಗಿಂತ ಸಣ್ಣ ಗಂಟಿಗೆ ಇದು ಅತಿಯಾಗುತ್ತದೆ, ಕ್ಲೋರಿನ್ ಒಳಗಿಳಿದು ಬೇಕಾದ ಜೀವಿಯನ್ನೇ ಕೊಲ್ಲುತ್ತದೆ. ಕೊನೆಯ ತೊಳೆತದ ನೀರನ್ನೂ ಒಂದು ತಟ್ಟೆಗೆ ಹಚ್ಚಬೇಕು. ಅಲ್ಲಿ ಏನಾದರೂ ಬೆಳೆದರೆ ಉಳಿದ ತಟ್ಟೆಗಳ ಮಾತು ನಂಬುವಂತಿಲ್ಲ. ಒಂದು ಹನಿ ನೀರಿನಲ್ಲಿ ಗಂಟು ಅರೆದಾಗ ಹಾಲಿನಂತೆ ಬರುವ ರಸವನ್ನು ತಟ್ಟೆಯ ಮೇಲೆ ಗೀರಿ, 28 ಡಿಗ್ರಿಯಲ್ಲಿ, ಕತ್ತಲಲ್ಲಿ ಇಡಲಾಯಿತು. ಬೆಳಕು ಬಿದ್ದರೆ ರೈಜೋಬಿಯಂ ಕೂಡ ಕೆಂಪು ಹೀರುತ್ತದೆ, ಆಗ ಗುರುತು ಹತ್ತುವುದಿಲ್ಲ.

ದಿನ 5ರಿಂದ 11
ಈ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಎರಡನೇ ದಿನಕ್ಕೇ ಬಿಳಿ, ಲೋಳೆಲೋಳೆಯಾದ ದೊಡ್ಡ ಕಾಲನಿ (ಬ್ಯಾಕ್ಟೀರಿಯಾದ ಗುಂಪು) ಎದ್ದು ನಿಲ್ಲುತ್ತದೆ. ನೋಡಲು ಪುಸ್ತಕದ ಚಿತ್ರದ ಹಾಗೇ ಇರುತ್ತದೆ, ಕೈ ತಾನಾಗಿ ಅದರತ್ತ ಹೋಗುತ್ತದೆ. ಆದರೆ ತೊಗರಿಯ ಗಂಟಿನಲ್ಲಿ ಸಾಮಾನ್ಯವಾಗಿ ಇರುವುದು ರೈಜೋಬಿಯಂ ಬಳಗದ್ದೇ ಆದ ಬ್ರಾಡಿರೈಜೋಬಿಯಂ, ನಿಧಾನದ ಜೀವಿ. 1982ರಲ್ಲಿ ಅದನ್ನು ಬೇರೆ ಕುಲವೆಂದು ಹೆಸರಿಸಿದ್ದಕ್ಕೆ ಈ ನಿಧಾನವೂ ಒಂದು ಕಾರಣ. ಅದರ ಕಾಲನಿ ಕಣ್ಣಿಗೆ ಬೀಳಲು 5ರಿಂದ 7 ದಿನ ಬೇಕು, ಬೆಳೆದರೂ 1 ಮಿ.ಮೀ. ಆಸುಪಾಸು. ಹಾಗಾಗಿ 11ನೇ ದಿನದವರೆಗೆ ಒಂದು ತಟ್ಟೆಯನ್ನೂ ಎಸೆಯಲಿಲ್ಲ.

ಕಾಂಗೋ ರೆಡ್ ಬದಲು ಆಮ್ಲ, ಕ್ಷಾರಕ್ಕೆ ಬಣ್ಣ ಬದಲಿಸುವ ಬ್ರೋಮೋಥೈಮಾಲ್ ಬ್ಲೂ ಹಾಕಿದ ತಟ್ಟೆಗಳು ಇನ್ನೂ ಚೆನ್ನಾಗಿ ಬಿಡಿಸಿ ಹೇಳಿದವು. ಬೇಗ ಬೆಳೆದವು ಆಮ್ಲ ಬಿಟ್ಟು ಹಸಿರು ತಟ್ಟೆಯನ್ನು ಹಳದಿ ಮಾಡಿದವು, ನಿಧಾನದವು ಕ್ಷಾರದಿಂದ ನೀಲಿ ಮಾಡಿದವು. ತೊಗರಿಗೆ ಗಂಟು ಕಟ್ಟುವ ಬೇಗದ ತಳಿಗಳೂ ಉಂಟು. ಆದ್ದರಿಂದ ಬಣ್ಣ ನೋಡಿ ಯಾವುದನ್ನೂ ಹೊರಹಾಕದೆ, ನಾಲ್ಕು ನೀಲಿ, ಎರಡು ಹಳದಿ ಉಳಿಸಿಕೊಂಡೆವು.

ದಿನ 16
ಉಳಿಸಿಕೊಂಡ ಆರು ತಳಿಗಳಲ್ಲಿ ಯಾವುದು ಗಂಟು ಕಟ್ಟುತ್ತದೆ ಎಂದು ನೋಡಲು ಗಿಡದ ಪರೀಕ್ಷೆ. ಭೀಮಾ ಮರಳಿಗೆ ತೆಳು ಆಮ್ಲ ಹಾಕಿದಾಗ ನೊರೆಯೆದ್ದಿತು, ಅಂದರೆ ಸುಣ್ಣವಿದೆ. ನೊರೆ ನಿಲ್ಲುವ ತನಕ ಆಮ್ಲದಲ್ಲಿ, ಆಮೇಲೆ ನೀರಿನಲ್ಲಿ ತೊಳೆದು ಕ್ರಿಮಿಶುದ್ಧ ಮಾಡಲಾಯಿತು. ಸಾರಜನಕವಿಲ್ಲದ ಪೋಷಕ ದ್ರಾವಣ, ಪ್ರತಿ ತಳಿಗೆ ನಾಲ್ಕು ಕುಂಡ, ಬೀಜಕ್ಕೆ ಆ ತಳಿ ಬೆಳೆಸಿದ ದ್ರವ 1 ಮಿ.ಲೀ. ಹೋಲಿಕೆಗೆ ಎರಡು ಗುಂಪು: ಬ್ಯಾಕ್ಟೀರಿಯಾ ಇಲ್ಲದ್ದು, ಮತ್ತು ಲೀಟರಿಗೆ 0.5 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಕೊಟ್ಟದ್ದು. ನೀರು ಹಾಕುವಾಗ ಸಿಡಿದ ಹನಿ ಪಕ್ಕದ ಕುಂಡಕ್ಕೆ ಬಿದ್ದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಕುಂಡದಲ್ಲಿ ಕೊಳವೆ ಹೂತು ಅದರ ಮೂಲಕವೇ ನೀರು, ಮೇಲೆ ಒಣ ಗರಸು.

ದಿನ 46
ಬ್ಯಾಕ್ಟೀರಿಯಾ ಇಲ್ಲದ ಕುಂಡಗಳಲ್ಲಿ ಗಂಟಿಲ್ಲ, ಎಲೆ ಹಳದಿ. ಅಲ್ಲೇ ಗಂಟು ಕಂಡಿದ್ದರೆ ಇಡೀ ಬ್ಯಾಚ್ ಬಿಡಬೇಕಿತ್ತು. ಆ ದೊಡ್ಡ ಲೋಳೆ ಕಾಲನಿಯೂ ಸೇರಿ ಎರಡೂ ಹಳದಿ ತಳಿಗಳಿಂದ ಒಂದು ಗಂಟೂ ಬರಲಿಲ್ಲ. ನೀಲಿ ನಾಲ್ಕರಲ್ಲಿ ಒಂದು ಏನೂ ಮಾಡಲಿಲ್ಲ. ಇನ್ನೊಂದು ಸಣ್ಣ ಬಿಳಿ ಗಂಟು ಕಟ್ಟಿತು, ಗಿಡಕ್ಕೆ ಏನೂ ಸಿಗಲಿಲ್ಲ. ಉಳಿದೆರಡರಲ್ಲಿ ಗಂಟು ಒಳಗೆ ನಸುಗೆಂಪು, ಎಲೆ ನೈಟ್ರೇಟ್ ಕೊಟ್ಟ ಗಿಡದಷ್ಟೇ ಹಸಿರು. ಅವುಗಳ ಗಂಟಿನಿಂದ ಮತ್ತೆ ತಟ್ಟೆಗೆ ಗೀರಿದ್ದಾಗಿದೆ; ಅದೇ ನೀಲಿ ಬಂದರೆ ಗುರುತು ಖಾತ್ರಿ.

ಮುಂದೆ ಈ ಎರಡು ತಳಿಗಳನ್ನು ಜೈವಿಕ ಗೊಬ್ಬರವಾಗಿಸಲು ಲಿಗ್ನೈಟ್ (ಕಂದು ಕಲ್ಲಿದ್ದಲು) ಪುಡಿಗೆ ಬೆರೆಸುವುದು. ಅದು ಆಮ್ಲೀಯ, ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿ ಪಿಎಚ್ 7ಕ್ಕೆ ತರಬೇಕು. ತೇವ 40%ರ ಒಳಗೆ, ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶ.