ಚಾವಡಿ ಗೋಡೆಯ ಹಾವುಮೀನುಗಳು: ಐದು ತಿಂಗಳ ಲೆಕ್ಕ

ಮಾರ್ಚ್ 9

ಕೆಲಸ ಶುರು. ಕುಂದಾಪುರದ ಹತ್ತಿರ ನಮ್ಮ ಹಳೇ ಮನೆಯ ಚಾವಡಿಯಲ್ಲಿ ಒಂದು ಗೋಡೆ ಸುಮ್ನೆ ಖಾಲಿ ಬಿದ್ದಿದೆ. ಟೇಪು ಹಿಡಿದು ಅಳೆದೆ. 21 ಅಡಿ ಉದ್ದ, 9 ಅಡಿ ಎತ್ತರ. ಪ್ರಪಂಚದ ಹಾವುಮೀನುಗಳನ್ನು ಕಾಗದದಲ್ಲಿ ಕತ್ತರಿಸಿ, ಬಣ್ಣ ಬಳಿದು ಅದರ ಮೇಲೆ ಅಂಟಿಸಬೇಕು ಅಂತ ಆಸೆ. ನಿಯಮ ಒಂದೇ: ಎಲ್ಲವೂ ಅಸಲಿ ಅಳತೆಯಲ್ಲೇ ಇರಬೇಕು. ಪುಸ್ತಕದಲ್ಲಿ ಬೆರಳುದ್ದದ ಮೀನೂ ಆಳುದ್ದದ ಮೀನೂ ಒಂದೇ ಗಾತ್ರಕ್ಕೆ ಅಚ್ಚಾಗಿರುತ್ತವೆ. ಪಕ್ಕದಲ್ಲಿ ಸೆಂಟಿಮೀಟರ್ ಬರೆದಿದ್ದರೂ ತಲೆಗೆ ಹೋಗಲ್ಲ.

ಪಟ್ಟಿಯಲ್ಲಿ ಸದ್ಯಕ್ಕೆ 20 ಹೆಸರಿವೆ. ನಿಜವಾದ ಹಾವುಮೀನುಗಳ ಗುಂಪಿನಲ್ಲಿ ಹೆಚ್ಚುಕಮ್ಮಿ ಸಾವಿರ ಜಾತಿಗಳು, ಬಹುಪಾಲು ಸಮುದ್ರದವು. ಹೊಳೆ, ಕೆರೆಗಳಿಗೆ ಬಂದು ಬೆಳೆಯುವ ಆಂಗ್ವಿಲ್ಲಾ ಕುಲದಲ್ಲಿ ಬರೀ 16. ಸಾವಿರಕ್ಕೆ ಗೋಡೆ ಸಾಲಲ್ಲ, ಆಯಸ್ಸೂ ಸಾಲಲ್ಲ.

ಸಾಮಾನು: ಕಂದು ಕಾಗದದ ಒಂದು ರೋಲು, ಪೋಸ್ಟರ್ ಕಲರ್, ಇದ್ದಿಲು, ಮೈದಾ ಅಂಟು.

ಮಾರ್ಚ್ 16

ದೊಡ್ಡದನ್ನೇ ಮೊದಲು ಹಿಡಿದೆ. ಸ್ಟ್ರೋಫಿಡಾನ್ ಸತೇಟೆ ಅಂತ ಒಂದು ಮೊರೆ ಜಾತಿಯ ಹಾವುಮೀನು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮರೂಚಿ ನದಿಯಲ್ಲಿ 1927ರಲ್ಲಿ ಹಿಡಿದದ್ದು 3.94 ಮೀಟರ್ ಇತ್ತು. ಅಂದರೆ ಹದಿಮೂರು ಅಡಿಗೆ ಒಂದಿಂಚು ಕಡಿಮೆ. ಕಾಗದ ಹಾಸಿದರೆ ಚಾವಡಿಯಿಂದ ಅಡುಗೆಮನೆ ಬಾಗಿಲ ತನಕ ಹೋಯಿತು. ಅಮ್ಮ ಎರಡು ಸಲ ದಾಟಿ, ಮೂರನೇ ಸಲ ನಿಂತರು. "ಎಂತ ಮಗಾ ಇದ್? ಗ್ವಾಡಿ ತುಂಬ ಹಾವಾ?"

ಉದ್ದ ಇಷ್ಟಿದ್ದರೂ ಮೈ ಸಪೂರ. ಕೆಸರು ತಳದ ಅಳಿವೆಗಳಲ್ಲಿ ಇರುವ ಮೀನು. ಬೆನ್ನು ಕಂದು ಬೂದು, ಹೊಟ್ಟೆ ಕಡೆ ತೆಳು. ಬಣ್ಣ ಸುಲಭವಾಯಿತು.

ಮಾರ್ಚ್ 18

ಬೆಳಿಗ್ಗೆ ಮೀನು ತರುವ ಅಕ್ಕ ಬುಟ್ಟಿ ಇಳಿಸಿ ಗೋಡೆ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ, "ಇದ್ಕೆ ರೆಕ್ಕಿ ಇಲ್ಲೆ ಮಾರಾಯ. ಬಲಿಗೆ ಬಿದ್ದದ್ ಕಂಡಿದೆ ನಾನ್" ಅಂದರು.

ಅವರು ಹೇಳಿದ್ದೇ ಸರಿ. ಕಿವಿರಿನ ಹಿಂದೆ ಎರಡೂ ಕಡೆ ಚಂದದ ರೆಕ್ಕೆ ಬರೆದಿದ್ದೆ. ಮೊರೆಗಳಿಗೆ ಎದೆಯ ರೆಕ್ಕೆಯೇ ಇಲ್ಲ. ಹುರುಪೆಯೂ ಇಲ್ಲ. ದಪ್ಪ ಚರ್ಮ, ಅದರ ಮೇಲೆ ಲೋಳೆ, ಕಿವಿರಿನ ಜಾಗದಲ್ಲಿ ಒಂದು ಸಣ್ಣ ದುಂಡು ತೂತು. ಹೊಟ್ಟೆಯ ರೆಕ್ಕೆ ಯಾವ ಹಾವುಮೀನಿಗೂ ಇರಲ್ಲ ಅಂತ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ರೆಕ್ಕೆಗಳನ್ನು ಬ್ಲೇಡಿನಲ್ಲಿ ಕೆರೆದು ತೆಗೆದೆ. ಕಲೆ ಉಳಿದಿದೆ, ಇರಲಿ.

ಬಾಯಿ ತೆರೆದು ಬರೆದದ್ದಕ್ಕೆ ಒಂದು ಲಾಭವಾಯಿತು. ಮೊರೆಗಳಿಗೆ ಗಂಟಲೊಳಗೆ ಇನ್ನೊಂದು ಜೊತೆ ದವಡೆ ಇದೆ. ಮೀನುಗಳು ಸಾಮಾನ್ಯವಾಗಿ ಬಾಯಿ ಅಗಲಿಸಿ, ನೀರಿನ ಜೊತೆ ಬೇಟೆಯನ್ನು ಒಳಗೆಳೆದುಕೊಳ್ಳುತ್ತವೆ. ಕಲ್ಲಿನ ಸಂದಿಯಲ್ಲಿ ಇರುವ ಮೊರೆಗೆ ಹಾಗೆ ಎಳೆಯಲು ಆಗಲ್ಲ. ಅದಕ್ಕೇ ಮುಂದಿನ ದವಡೆ ಕಚ್ಚಿ ಹಿಡಿಯುತ್ತೆ, ಹಿಂದಿನದು ಗಂಟಲಿನಿಂದ ಮುಂದೆ ಬಂದು ಬೇಟೆಯನ್ನು ಒಳಕ್ಕೆ ಎಳೆಯುತ್ತೆ. ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಇದನ್ನು ವೇಗದ ವಿಡಿಯೊದಲ್ಲಿ ಹಿಡಿದು 2007ರಲ್ಲಿ ಪ್ರಕಟಿಸಿದರು. ಕೆಂಪು ಕಾಗದದಲ್ಲಿ ಆ ದವಡೆ ಮಾಡಿ ಬಾಯೊಳಗೆ ಅಂಟಿಸಿದೆ. ಪಕ್ಕದ ಮನೆ ಮಕ್ಕಳು ದಿನಕ್ಕೊಮ್ಮೆ ಬೆರಳು ಹಾಕಿ ಹೋಗುತ್ತಾರೆ.

ಏಪ್ರಿಲ್ 2

ಈ ವಾರ ಪಟ್ಟಿಯಿಂದ ಹೊರಗೆ ಹಾಕುವ ಕೆಲಸ. ಮೊದಲು ಹೋದದ್ದು ದಕ್ಷಿಣ ಅಮೆರಿಕದ ಕರೆಂಟ್ ಮೀನು. ಇಂಗ್ಲಿಷ್ ಹೆಸರಿನಲ್ಲಿ ಈಲ್ ಅಂತ ಇದ್ದರೂ ಅದು ಹಾವುಮೀನೇ ಅಲ್ಲ. ಅದರ ನೆಂಟಸ್ತನ ಮೀಸೆಮೀನುಗಳ ಜೊತೆ. ಬೆನ್ನಿನ ರೆಕ್ಕೆ ಇಲ್ಲ, ಹೊಟ್ಟೆಯ ಕೆಳಗೆ ಮಾತ್ರ ಒಂದು ಉದ್ದ ರೆಕ್ಕೆ. ಮೈಯ ಬಹುಭಾಗ ಬ್ಯಾಟರಿ, ಹೊಟ್ಟೆ, ಕರುಳು ಎಲ್ಲ ತಲೆಯ ಹಿಂದೆ ಮುದುಡಿ ಕೂತಿವೆ. ಒಂದೇ ಜಾತಿ ಅಂದುಕೊಂಡಿದ್ದದ್ದನ್ನು 2019ರಲ್ಲಿ ಮೂರು ಮಾಡಿದರು. ಅದರಲ್ಲಿ ಒಂದು 860 ವೋಲ್ಟ್ ಹೊಡೆಯುತ್ತೆ. ಅಷ್ಟರಲ್ಲಿ ಅರ್ಧ ಬಣ್ಣ ಬಳಿದಾಗಿತ್ತು, ಬಿಸಾಡಲು ಮನಸ್ಸಾಗಲಿಲ್ಲ. ಬಾಗಿಲ ಹಿಂದೆ, ಮೀಟರ್ ಬೋರ್ಡಿನ ಕೆಳಗೆ ಅಂಟಿಸಿದೆ. ಅದಕ್ಕೆ ತಕ್ಕ ಜಾಗ.

ಎರಡನೆಯದು ನಮ್ಮ ಹೊಳೆಗಳಲ್ಲೇ ಸಿಗುವ, ಬೆನ್ನ ಮೇಲೆ ಮುಳ್ಳಿನ ಸಾಲು ಇರುವ ಮೀನು. ಅಂಗಡಿಗಳಲ್ಲಿ ಅಕ್ವೇರಿಯಂಗೆ ಈಲ್ ಅಂತಲೇ ಮಾರುತ್ತಾರೆ. ಅದೂ ಬೇರೆ ಗುಂಪು. ಕೇರಳದ ಬಾವಿಗಳಲ್ಲಿ ಸಿಗುವ ಕಣ್ಣಿಲ್ಲದ ಕೆಂಪು ಮೀನುಗಳೂ ಅಷ್ಟೇ, ಮೈ ಮಾತ್ರ ಹಾವಿನದು. ನೀರಿನಲ್ಲಿ ಸಂದಿಗೊಂದಿ ಸುತ್ತುವ ಯಾವ ಮೀನಿಗೂ ಕಡೆಗೆ ಇದೇ ಮೈ ಬೇಕಾಗುತ್ತೆ ಅಂತ ಕಾಣುತ್ತೆ.

ಏಪ್ರಿಲ್ 20

ಇನ್ನೂ ಮೂರು ಮುಗಿದವು.

ಚುಕ್ಕೆಯ ತೋಟದ ಹಾವುಮೀನು: 40 ಸೆಂಟಿಮೀಟರ್, ಪೆನ್ಸಿಲಿಗಿಂತ ದಪ್ಪ. ಬಾಲ ಮರಳಲ್ಲಿ ಹೂತು ಮೈ ಮಾತ್ರ ಹೊರಗೆ ಚಾಚಿ ನಿಲ್ಲುತ್ತೆ. ಹನ್ನೆರಡನ್ನು ಗದ್ದೆಯ ನೇಜಿಯ ಹಾಗೆ ಸಾಲಾಗಿ ಗೋಡೆಯ ಬುಡಕ್ಕೆ ನೆಟ್ಟೆ. 2020ರಲ್ಲಿ ಟೋಕಿಯೊದ ಸುಮಿದಾ ಅಕ್ವೇರಿಯಂ ಕೊರೊನಾಕ್ಕೆ ಮುಚ್ಚಿದ್ದಾಗ, ಇವು ಮನುಷ್ಯರನ್ನೇ ಮರೆತು, ಯಾರು ಬಂದರೂ ಮರಳೊಳಗೆ ಅಡಗಲು ಶುರು ಮಾಡಿದವು. ಜನ ವಿಡಿಯೊ ಕಾಲ್ ಮಾಡಿ ಮುಖ ತೋರಿಸಿ ಅಂತ ಅಲ್ಲಿಯವರು ಕೇಳಿಕೊಂಡರು.

ಆಳ ಸಮುದ್ರದ ಕೊಕ್ಕಿನ ಹಾವುಮೀನು: 1.3 ಮೀಟರ್ ಉದ್ದ, ಆದರೆ ತೂಕ ಹಿಡಿಯಷ್ಟು ಕಡಲೆಬೀಜದ್ದು. ಮೇಲಿನ ಕೊಕ್ಕು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಬಾಗಿರುತ್ತೆ, ಬಾಯಿ ಪೂರ್ತಿ ಮುಚ್ಚುವುದೇ ಇಲ್ಲ. ಬೆನ್ನೆಲುಬಿನ ಮಣಿಗಳು 750ರ ತನಕ. ಬಾಲ ಕೊನೆಗೆ ದಾರದಷ್ಟಾಗುತ್ತೆ. ಕಾಗದ ಮೂರು ಸಲ ಹರಿಯಿತು. ನಾಲ್ಕನೇ ಸಲ ಬಾಲಕ್ಕೆ ಬಾಳೆನಾರು ಜೋಡಿಸಿದೆ, ನಿಂತಿತು. ಗೋಡೆಯ ಮೇಲೆ ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಪೆಸಿಫಿಕ್‌ನ ಪಲಾವು ದ್ವೀಪದ ಗುಹೆಯ ಪ್ರೋಟ್‌ಆಂಗ್ವಿಲ್ಲಾ: ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ. 2009ರಲ್ಲಿ ಸಿಕ್ಕಿ, 2011ರಲ್ಲಿ ಹೆಸರು ಪಡೆಯಿತು. ಉಳಿದ ಹಾವುಮೀನುಗಳಿಂದ ಇದರ ವಂಶ ಸುಮಾರು 20 ಕೋಟಿ ವರ್ಷ ಹಿಂದೆಯೇ ಕವಲಾಯಿತಂತೆ. ಬೆನ್ನೆಲುಬಿನ ಮಣಿ 90ಕ್ಕಿಂತ ಕಡಿಮೆ. ಮೋಟು ಮೈ, ದೊಡ್ಡ ತಲೆ. ಇನ್ನೂ ಹಾವಾಗಲು ಕಲಿಯುತ್ತಿರುವ ಮೀನಿನ ಹಾಗೆ ಇದೆ.

ಮೇ 11

ಲೆಕ್ಕ ತಪ್ಪಿತು. ಯೂರೋಪಿನ ಹಾವುಮೀನಿಗೆ ಎರಡೂವರೆ ಅಡಿ ಜಾಗ ಬಿಟ್ಟಿದ್ದೆ. ಬರೆಯಲು ಕೂತಾಗ, ಯಾವುದನ್ನು ಬರೆಯಲಿ ಅನ್ನುವ ಪ್ರಶ್ನೆ ಬಂತು. ಒಂದೇ ಮೀನಿಗೆ ನಾಲ್ಕು ಮೈ.

ಮೊದಲನೆಯದು ಎಲೆಯಂಥ ಮರಿ. ಚಪ್ಪಟೆ, ಪಾರದರ್ಶಕ, ತಲೆ ಸಾಸಿವೆಯಷ್ಟು. ಹಾವುಮೀನಿನ ಲಕ್ಷಣವೇ ಇಲ್ಲ. 1856ರಲ್ಲಿ ಕೌಪ್ ಅನ್ನುವ ಜರ್ಮನ್ ವಿಜ್ಞಾನಿ ಇದನ್ನು ಬೇರೆಯೇ ಮೀನು ಅಂದುಕೊಂಡು ಬೇರೆ ಹೆಸರು ಕೊಟ್ಟಿದ್ದ. ಇಟಲಿಯ ಗ್ರಾಸಿ, ಕಲಂದ್ರುಚ್ಚೊ ಇಬ್ಬರೂ 1890ರ ದಶಕದಲ್ಲಿ ಇದು ಹಾವುಮೀನಾಗಿ ಬದಲಾಗುವುದನ್ನು ಕಣ್ಣಾರೆ ನೋಡಿ ಹೇಳುವ ತನಕ ಯಾರಿಗೂ ಸಂಬಂಧ ಖಚಿತವಾಗಿರಲಿಲ್ಲ. ಅದನ್ನು ಟ್ರೇಸಿಂಗ್ ಕಾಗದದಲ್ಲಿ ಕತ್ತರಿಸಿದೆ. 7.7 ಸೆಂಟಿಮೀಟರ್. ಡೆನ್ಮಾರ್ಕಿನ ಯೋಹಾನೆಸ್ ಶ್ಮಿಟ್‌ಗೆ 1904ರಲ್ಲಿ ಫೆರೋ ದ್ವೀಪಗಳ ಪಶ್ಚಿಮಕ್ಕೆ ಬಲೆಯಲ್ಲಿ ಬಂದ ಮರಿ ಇಷ್ಟೇ ಇತ್ತು. ಆ ಮನುಷ್ಯ ಆಮೇಲೆ ಹದಿನೆಂಟು ವರ್ಷ ಅಟ್ಲಾಂಟಿಕ್ ಸೋಸಿದ. ಇನ್ನೂ ಚಿಕ್ಕದು, ಇನ್ನೂ ಚಿಕ್ಕದು ಅಂತ ಮರಿಗಳ ಜಾಡು ಹಿಡಿದು ಕೊನೆಗೆ ಅವು ಹುಟ್ಟುವ ಜಾಗಕ್ಕೆ, ಅಟ್ಲಾಂಟಿಕ್‌ನೊಳಗಿನ ಸರ್ಗಾಸೋ ಸಮುದ್ರಕ್ಕೆ ಬಂದ.

ಎರಡನೆಯದು ಗಾಜಿನ ಮರಿ. ತೀರಕ್ಕೆ ಬರುವ ಹೊತ್ತಿಗೆ ಎಲೆ ಸುತ್ತಿಕೊಂಡು ಕಡ್ಡಿಯಾಗುತ್ತೆ. ಅಂಟಿಸಿ ಹಿಂದೆ ಸರಿದು ನೋಡಿದಾಗ ನಾನೇ ಅಳತೆ ತಪ್ಪಿದೆನಾ ಅನಿಸಿತು. ಬೆಳೆದ ಮರಿ ಮೊದಲಿನದಕ್ಕಿಂತ ಗಿಡ್ಡ! ಮತ್ತೆ ನೋಡಿದೆ, ತಪ್ಪಿರಲಿಲ್ಲ. ಬದಲಾಗುವಾಗ ಅದು ನಿಜವಾಗಿಯೂ ಕುಗ್ಗುತ್ತೆ. ಅಸಲಿ ಅಳತೆಯ ಹಟ ಹಿಡಿಯದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಮೂರನೆಯದು ಹೊಳೆಯಲ್ಲಿ ವರ್ಷಗಟ್ಟಲೆ ಇರುವ ಹಳದಿ ಹೊಟ್ಟೆಯದು. ನಾಲ್ಕನೆಯದು ಸಮುದ್ರಕ್ಕೆ ಹೊರಟ ಬೆಳ್ಳಿ ಮೈಯದು. ಕಣ್ಣು ದೊಡ್ಡದಾಗುತ್ತೆ, ಬೆನ್ನು ಕಪ್ಪಾಗುತ್ತೆ, ಹೊಟ್ಟೆ ಬೆಳ್ಳಗಾಗುತ್ತೆ, ಜೀರ್ಣಾಂಗ ಸೊರಗುತ್ತೆ. ಊಟ ಬಿಟ್ಟೇ ಐದಾರು ಸಾವಿರ ಕಿಲೋಮೀಟರ್ ಈಜಬೇಕು. ಹೊಳೆಯಲ್ಲಿ ಇರುವಾಗ ಇದರ ಲೈಂಗಿಕ ಅಂಗಗಳು ಬಲಿಯುವುದೇ ಇಲ್ಲ. 1876ರಲ್ಲಿ ಟ್ರಿಯೆಸ್ಟ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಸಿಗ್ಮಂಡ್ ಫ್ರಾಯ್ಡ್ ಗಂಡಿನ ವೃಷಣ ಹುಡುಕುತ್ತಾ ಸುಮಾರು 400 ಹಾವುಮೀನು ಕೊಯ್ದು, ಖಚಿತ ಉತ್ತರವಿಲ್ಲದೆ ಎದ್ದ. ಆಮೇಲೆ ಮನಸ್ಸಿನ ಕಡೆ ತಿರುಗಿದ, ಅದು ಇದಕ್ಕಿಂತ ಸುಲಭ ಅನಿಸಿರಬೇಕು.

ಗೋಡೆಯ ಆರು ಅಡಿ ಇದಕ್ಕೇ ಹೋಯಿತು. ಪಟ್ಟಿಯಲ್ಲಿ ಐದು ಹೆಸರು ಹೊಡೆದು ಹಾಕಿದೆ.

ಜೂನ್ 3

ಅನಾಹುತ. ಮೊದಲ ಮಳೆಗೆ ಗೋಡೆ ತೇವ ಎಳೆಯಿತು, ಬೂಷ್ಟು ಬಂತು. ಅದಕ್ಕಿಂತ ಕೆಟ್ಟದ್ದು, ಜಿರಲೆಗಳು ಮೈದಾ ಅಂಟು ತಿನ್ನಲು ಕಾಗದದ ಹಿಂದೆ ನುಗ್ಗಿವೆ. ದೊಡ್ಡ ಮೊರೆಯ ಬಾಲ ಒಂದೂವರೆ ಅಡಿ ಜೋತು ಬಿದ್ದಿತ್ತು. ನೇಜಿಯ ಹಾಗೆ ನೆಟ್ಟವುಗಳಲ್ಲಿ ನಾಲ್ಕು ಮಾಯ.

ಅಪ್ಪಯ್ಯ ನೋಡಿ, "ಮೈಲುತುತ್ತ ಹಾಕ್ಲಿಲ್ಯಾ?" ಅಂದರು. ಹಿಂದೆ ಪುಸ್ತಕಕ್ಕೆ ರಟ್ಟು ಕಟ್ಟುವವರು ಅಂಟಿಗೆ ಅದನ್ನು ಸೇರಿಸುತ್ತಿದ್ದರಂತೆ. ಅಡಿಕೆಗೆ ಮದ್ದು ಬಿಡುವ ಸಮಯ, ಮನೆಯಲ್ಲಿ ಇದ್ದೇ ಇತ್ತು. ಒಂದು ಲೋಟ ಅಂಟಿಗೆ ಚಿಟಿಕೆ ಹಾಕಿ ಕುದಿಸಿದರೆ ತೆಳು ನೀಲಿ ಬಣ್ಣ ಬರುತ್ತೆ. ವಿಷ, ಹಾಗಾಗಿ ಹಳೇ ಡಬ್ಬಿಯಲ್ಲಿ ಮಾಡಿದೆ, ಮಕ್ಕಳಿಗೆ ಗೋಡೆ ಮುಟ್ಟುವುದು ಬಂದ್. ಎಲ್ಲ ಕಿತ್ತು ಮತ್ತೆ ಅಂಟಿಸಲು ಎರಡು ಭಾನುವಾರ ಹಿಡಿಯಿತು.

ಜೂನ್ 22

ಇವತ್ತು ನಿಜವಾದದ್ದೇ ಮನೆಗೆ ಬಂತು. ತೋಟದ ಕೆಳಗಿನ ತೋಡಿನಲ್ಲಿ ಪಕ್ಕದ ಮನೆಯವರಿಗೆ ಸಿಕ್ಕಿ, ಬಾಲ್ದಿಯಲ್ಲಿ ತಂದುಕೊಟ್ಟರು. ಬೂದಿ ಹಾಕಿ ಹಿಡಿ ಅಂದರು, ಜಾರಲ್ವಂತೆ. ಮೀನಿನ ಲೋಳೆ ಹೋಗುತ್ತೆ ಅಂತ ನಾನು ಒದ್ದೆ ಗೋಣಿ ತಂದೆ. ಇಬ್ಬರು ಹಿಡಿದರೂ ಎರಡು ಸಲ ಅಂಗಳಕ್ಕೆ ಹಾರಿತು, ತೋಡಿನ ಕಡೆಗೇ ತಿರುಗಿ ಹರಿಯಿತು. ಹಗ್ಗ ಪಕ್ಕದಲ್ಲಿಟ್ಟು ಗಂಟು ಹಾಕಿ ಅಳೆದೆ: 68 ಸೆಂಟಿಮೀಟರ್.

ನಮ್ಮ ಕರಾವಳಿಯ ಹೊಳೆಗಳಲ್ಲಿ ಆಂಗ್ವಿಲ್ಲಾ ಎರಡು ಜಾತಿ. ಒಂದಕ್ಕೆ ಮೈತುಂಬ ಕಂದು ಮಚ್ಚೆ, ಬೆನ್ನಿನ ರೆಕ್ಕೆ ಮುಂದಿನಿಂದಲೇ ಶುರು. ಇನ್ನೊಂದಕ್ಕೆ ಮಚ್ಚೆ ಇಲ್ಲ, ರೆಕ್ಕೆ ಶುರುವಾಗುವುದು ಹೆಚ್ಚುಕಮ್ಮಿ ಗುದದ್ವಾರದ ನೇರಕ್ಕೆ. ನಮ್ಮದು ಎರಡನೆಯದು, ಬೈಕಲರ್ ಅನ್ನುವ ಜಾತಿ. ಬೆನ್ನು ಹಸಿ ಕಂದು, ಹೊಟ್ಟೆ ಕೆನೆಬಣ್ಣ. ಹುರುಪೆ ಇದೆ, ಆದರೆ ಚರ್ಮದೊಳಗೆ ಹೂತಿದೆ. ಬೆಳಕಿಗೆ ಓರೆಯಾಗಿ ಹಿಡಿದಾಗ ಚಾಪೆ ಹೆಣೆದ ಹಾಗೆ ಅಡ್ಡಡ್ಡ ಗೆರೆಗಳು ಕಂಡವು. ಮೂಗಿನ ತುದಿಯಲ್ಲಿ ಎರಡು ಪುಟ್ಟ ಕೊಳವೆ. ಇದ್ಯಾವುದನ್ನೂ ಫೋಟೊ ನೋಡಿ ಬರೆದಾಗ ಗಮನಿಸಿರಲಿಲ್ಲ.

ಇದರ ಎಲೆಮರಿಗಳು ಸುಮಾತ್ರಾದ ಪಶ್ಚಿಮದ ಸಮುದ್ರದಲ್ಲಿ ಸಿಕ್ಕಿವೆ. ಅಲ್ಲಿಂದ ನಮ್ಮ ತೋಡಿನ ತನಕ! ಸದ್ಯ ಕಿಂಡಿ ಅಣೆಕಟ್ಟಿನ ಹಲಗೆ ತೆಗೆದಿದ್ದಾರೆ, ಹೋಗಲು ದಾರಿ ಇದೆ. ಸಂಜೆ ಬಿಟ್ಟುಬಂದೆ. ಬಾಲ್ದಿ ಬಗ್ಗಿಸಿದ ಕೂಡಲೇ ಹೋಗಲಿಲ್ಲ, ಒಂದು ಕ್ಷಣ ತಳದಲ್ಲಿ ನಿಂತು ಆಮೇಲೆ ಕಲ್ಲಿನಡಿ ಸರಿಯಿತು.

ರಾತ್ರಿ ಹಗ್ಗದ ಅಳತೆಗೆ ಕಾಗದ ಕತ್ತರಿಸಿದೆ.

ಜುಲೈ 13

ನ್ಯೂಜಿಲೆಂಡಿನ ಉದ್ದ ರೆಕ್ಕೆಯದು ಮುಗಿಯಿತು. ಮಾವೊರಿ ಭಾಷೆಯಲ್ಲಿ ಹೊಳೆಯ ಹಾವುಮೀನಿಗೆ ತುನ ಅನ್ನುತ್ತಾರೆ, ಡಬ್ಬಿಯಲ್ಲಿ ಬರುವ ಟ್ಯೂನಾಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಣ್ಣುಗಳು ಹತ್ತಾರು ವರ್ಷ ಕಾಯುತ್ತವೆ, ಒಂದೇ ಸಲ ಸಮುದ್ರಕ್ಕೆ ಹೋಗಿ ಮೊಟ್ಟೆ ಇಟ್ಟು ಸಾಯುತ್ತವೆ. ಇಂಥ ಮೀನನ್ನು ಜಾಸ್ತಿ ಹಿಡಿದರೆ ಏನಾಗುತ್ತೆ ಅನ್ನುವುದಕ್ಕೆ ಯೂರೋಪಿನದೇ ಉದಾಹರಣೆ: ತೀರಕ್ಕೆ ಬರುವ ಗಾಜಿನ ಮರಿಗಳು 1970ರ ದಶಕಕ್ಕೆ ಹೋಲಿಸಿದರೆ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಕಡಿಮೆ. 2010ರಿಂದ ಅದನ್ನು ಯೂರೋಪಿನ ಒಕ್ಕೂಟದ ಹೊರಗೆ ಮಾರುವಂತಿಲ್ಲ. ಸೂಟ್‌ಕೇಸಿನಲ್ಲಿ ಕದ್ದು ಸಾಗಿಸುವವರು ಇನ್ನೂ ಸಿಕ್ಕಿಬೀಳುತ್ತಿದ್ದಾರೆ.

ಆಗಸ್ಟ್ 3

ಯೂರೋಪಿನ ಹಾವುಮೀನಿನ ನಾಲ್ಕು ಮೈಗಳ ಎಡಕ್ಕೆ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಮೊಟ್ಟೆ ಬರಬೇಕು. ಆದರೆ ಸರ್ಗಾಸೋದಲ್ಲಿ ಅದರ ಮೊಟ್ಟೆ ಇವತ್ತಿನ ತನಕ ಯಾರಿಗೂ ಸಿಕ್ಕಿಲ್ಲ. ಅಜೋರ್ಸ್ ದ್ವೀಪಗಳಿಂದ ಉಪಗ್ರಹದ ಟ್ಯಾಗ್ ಕಟ್ಟಿ ಬಿಟ್ಟ ಹೆಣ್ಣುಗಳಲ್ಲಿ ಐದು ಅಲ್ಲಿಗೆ ತಲುಪಿದವು ಅಂತ 2022ರಲ್ಲಿ ತಿಳಿಯಿತು. ತಲುಪಿ ಏನು ಮಾಡಿದವು ಅನ್ನುವುದನ್ನು ಯಾರೂ ನೋಡಿಲ್ಲ.

ಜಪಾನಿನದಕ್ಕೆ ಅದೃಷ್ಟವಿದೆ. 2009ರ ಮೇ 22ರಂದು, ಅಮಾವಾಸ್ಯೆಗೆ ಮುಂಚೆ, ಮರಿಯಾನಾ ದ್ವೀಪಗಳ ಪಶ್ಚಿಮಕ್ಕೆ ಜಪಾನಿನ ವಿಜ್ಞಾನಿ ತ್ಸುಕಾಮೊಟೊ ಅವರ ತಂಡಕ್ಕೆ ಇಡೀ ಪೆಸಿಫಿಕ್‌ನಲ್ಲಿ 31 ಮೊಟ್ಟೆ ಸಿಕ್ಕವು. ಒಂದೊಂದೂ 1.6 ಮಿಲಿಮೀಟರ್. ಹಾಗಾಗಿ ಅದರ ಸಾಲಿನ ಶುರುವಿಗೆ ಚೂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಒಳಗೆ ಬಿಳಿ ತುಂಬಿ, 31 ಚುಕ್ಕಿ ಇಟ್ಟೆ. ಅಕ್ಕಿಕಾಳಿನ ಅಗಲದ ಒಂದೊಂದು ಚುಕ್ಕಿಗೆ ಎರಡೆರಡು ನಿಮಿಷ.

ಆಗಸ್ಟ್ 4

ಬೆಳಿಗ್ಗೆ ಎಣಿಸಿದೆ. 19 ಇವೆ. ಗೋಡೆಗೆ ಮತ್ತೆ ಬೂಷ್ಟು ಬರ್ತಾ ಇದೆ ಅಂತ ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾರೆ. ಇವತ್ತು ಸಂಜೆ ಹನ್ನೆರಡು ಮತ್ತೆ ಇಡಬೇಕು.