ಕನಸಿನ ಚಿತ್ರಕ್ಕೆ ದೀಪ ಯಾವ ಕಡೆಯಿಂದ?

ಹುಬ್ಬಳ್ಳಿ-ಧಾರವಾಡದಲ್ಲಿ ಚಿತ್ರಪ್ರದರ್ಶನಗಳಿಗೆ ಫ್ರೇಮ್ ಹಾಕಿ, ಗೋಡೆಗೇರಿಸಿ, ಲೈಟ್ ಹೊಂದಿಸುವುದು ನನ್ನ ಕೆಲಸ. ಭಾವಚಿತ್ರ, ನಿಸರ್ಗಚಿತ್ರವಾದರೆ ತಲೆನೋವಿಲ್ಲ. ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು ಎತ್ತರಕ್ಕೆ ಬಂದರೆ ಆಯ್ತು. ಕಲ್ಪನಾಲೋಕದ ಚಿತ್ರಗಳಿಗೆ ಈ ಲೆಕ್ಕ ಸಾಲುವುದಿಲ್ಲ.

ಈಚೆಗೆ ಧಾರವಾಡದಲ್ಲಿ ಅಂಥದ್ದೊಂದು ಪ್ರದರ್ಶನ ಕಟ್ಟಿದೆವು. ಒಂದು ಕ್ಯಾನ್ವಾಸಿನಲ್ಲಿ ಲಕ್ಕುಂಡಿಯ ಹಳೆಯ ಮೆಟ್ಟಿಲುಬಾವಿ, ಮುಸುಕಿನ ಬಾವಿ, ಆಕಾಶದಲ್ಲಿ ಬೋರಲು ಬಿದ್ದಿದೆ. ಮೆಟ್ಟಿಲ ಮೇಲೆ ಎಮ್ಮೆಗಳು, ಅವೂ ತಲೆಕೆಳಗೆ, ಆರಾಮಾಗಿ ಮೆಲುಕು ಹಾಕುತ್ತಿವೆ. ಸುಳ್ಳೇ ಸುಳ್ಳು. ಆದರೆ ಹತ್ತಿರ ನಿಂತು ನೋಡಿದರೆ ಒಂದೊಂದು ಕೊಂಬಿನ ನೆರಳೂ ಬಲಕ್ಕೇ ಬಿದ್ದಿದೆ. ಕಲ್ಲುಗಳ ಎಡ ಅಂಚಿಗೆ ಮಾತ್ರ ತಿಳಿಹಳದಿ ಗೆರೆ. ಬಾವಿ ಎಲ್ಲಾದರೂ ಇರಲಿ, ಸೂರ್ಯ ಎಡಕ್ಕೇ.

ನಮ್ಮ ಹುಡುಗ, "ಅಣ್ಣಾ, ಲೈಟು ಬಲಕ್ಕ ಅದಾವು, ಅಲ್ಲಿಂದನ ಬಿಡೂಣಲ್ಲ?" ಅಂದ. ಬಿಟ್ಟು ನೋಡಿದೆವು. ಎಮ್ಮೆಗಳು ಸ್ಟಿಕರ್ ಅಂಟಿಸಿದ ಹಾಗೆ ಚಪ್ಪಟೆಯಾದವು! ಚಿತ್ರವನ್ನೇ ಎದುರು ಗೋಡೆಗೆ ಸಾಗಿಸಿದೆವು. ಅಲ್ಲಿ ಎಡದಿಂದ ಬೆಳಕು ಬಿದ್ದಾಗ ಬಾವಿಗೆ ಭಾರ ಬಂತು. ಅಸಾಧ್ಯವಾದದ್ದನ್ನು ನಂಬಿಸುವುದೇ ಈ ಬೆಳಕು, ನೆರಳು. ಅದಕ್ಕೆ ಈಗ ಮೊದಲು ಚಿತ್ರದೊಳಗಿನ ಸೂರ್ಯನನ್ನು ಹುಡುಕುತ್ತೇನೆ, ಆಮೇಲೆ ಮೊಳೆ.

ಇನ್ನೊಂದು ವಿಷಯ, ಇಂಥ ಚಿತ್ರಕ್ಕೆ ಜನ ಮೂಗು ತಾಗುವಷ್ಟು ಹತ್ತಿರ ಬರುತ್ತಾರೆ. ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ 1931ರಲ್ಲಿ ಬರೆದ ಕರಗುವ ಗಡಿಯಾರಗಳ ಚಿತ್ರ ಎಷ್ಟು ದೊಡ್ಡದಿರಬಹುದು ಅಂದುಕೊಂಡಿದ್ದೀರಿ? ಬರೀ 24 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ. ಎ4 ಹಾಳೆಗಿಂತ ಚೂರು ದೊಡ್ಡದು, ಅಷ್ಟೇ. ದೀಪ ದೂರದಿಂದ ಓರೆಯಾಗಿ ಬಿದ್ದರೆ ನೋಡುವವರ ತಲೆಯ ನೆರಳೇ ಚಿತ್ರದ ಮೇಲೆ ಕೂರುತ್ತದೆ. ಗೋಡೆಯಿಂದ ಸುಮಾರು 30 ಡಿಗ್ರಿ ಕೋನದಲ್ಲಿ, ಮೇಲಿನಿಂದ ಇಳಿಸಬೇಕು.

ಕಡುನೀಲಿ ರಾತ್ರಿಯ ಚಿತ್ರಗಳು ಬೇರೆಯೇ ತಾಪತ್ರಯ. ವಾರ್ನಿಶ್ ಬಳಿದ ಎಣ್ಣೆಬಣ್ಣ ಕಿಟಕಿಗೆ ಎದುರಾದರೆ ಅದರಲ್ಲಿ ನಮ್ಮ ಮುಖವೇ ಕಾಣುತ್ತದೆ. ಕಿಟಕಿಗೆ ಪರದೆ ಎಳೆದುಬಿಡಿ.

"ಇದರ ಅರ್ಥ ಏನ್ರೀ?" ಅಂತ ಕೇಳುವವರು ಜಾಸ್ತಿ. ನಾನು ಸುಮ್ನೆ ಕೊಂಬಿನ ನೆರಳು ತೋರಿಸುತ್ತೇನೆ. ಹೆಸರಿನ ಚೀಟಿಯನ್ನೂ ಒಂದು ಗೇಣು ದೂರಕ್ಕೆ, ಕೆಳಗಡೆ ಅಂಟಿಸುತ್ತೇನೆ. ಪಕ್ಕದಲ್ಲೇ ಇದ್ದರೆ ಅದನ್ನಷ್ಟೇ ಓದಿ ಮುಂದಿನ ಚಿತ್ರಕ್ಕೆ ಹೊರಟುಬಿಡುತ್ತಾರೆ, ಅಲ್ವಾ?