‘ಅನ್ನ ಬಿಟ್ಟರೆ ತೂಕ ಇಳಿಯುತ್ತದಲ್ಲವಾ ಅಕ್ಕಾ?’

ಬದಿಯಡ್ಕದ ಆಸುಪಾಸಿನ ಯಾವ ಮದುವೆಗೆ ಹೋದರೂ, ನಾನು ಆಹಾರತಜ್ಞೆಯೆಂದು ಬಲ್ಲವರು ಪಕ್ಕದ ಎಲೆಯಲ್ಲಿ ಕುಳಿತರೆ, ಪಾಯಸ ಬರುವ ಹೊತ್ತಿಗೆ ಈ ಪ್ರಶ್ನೆಯೂ ಬರುತ್ತದೆ: “ಅಕ್ಕಾ, ಅನ್ನ ಪೂರ್ತಿ ಬಿಟ್ಟರೆ ತೂಕ ಇಳಿಯುತ್ತದಲ್ಲವಾ? ನಮ್ಮ ಅತ್ತಿಗೆ ಒಂದೇ ವಾರದಲ್ಲಿ ಮೂರು ಕಿಲೋ ಇಳಿಸಿದ್ದಾರೆ.” ಅನ್ನದ ಜಾಗದಲ್ಲಿ ಕೆಲವೊಮ್ಮೆ ಅನ್ನ-ಚಪಾತಿಗಳ ಪಿಷ್ಟ ಬಿಟ್ಟು ಬಹುಪಾಲು ಕೊಬ್ಬನ್ನೇ ತಿನ್ನುವ ಕೀಟೋ ಇರುತ್ತದೆ, ಕೆಲವೊಮ್ಮೆ ಏಳು ದಿನಗಳ ಜಿಎಂ ಡಯಟ್, ಕೆಲವೊಮ್ಮೆ ಬರಿಹೊಟ್ಟೆಗೆ ಕುಡಿಯುವ ಯಾವುದೋ ರಸ. ಉಣ್ಣುತ್ತಾ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಳಿಯುತ್ತದೆ; ಅತ್ತಿಗೆ ಸುಳ್ಳು ಹೇಳಿಲ್ಲ. ಆದರೆ ಇಳಿದದ್ದೇನು ಎಂಬುದನ್ನು ತಕ್ಕಡಿ ಹೇಳುವುದಿಲ್ಲ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು 400–500 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು ಇರುತ್ತದೆ, ಅದರ ಪ್ರತಿ ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಂ ನೀರು ಕೂಡಿಕೊಂಡಿರುತ್ತದೆ. ಅನ್ನ, ದೋಸೆ, ಚಪಾತಿ ಎಲ್ಲವನ್ನೂ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಆ ದಾಸ್ತಾನು ಕರಗಿ, ನೀರು ಮೂತ್ರದಲ್ಲಿ ಹೊರಟುಹೋಗುತ್ತದೆ. ಮತ್ತೆ ಉಂಡಾಗ ಅಷ್ಟೇ ಬೇಗ ಹಿಂದಿರುಗುತ್ತದೆ. ಕೊಬ್ಬಿನ ಲೆಕ್ಕವೇ ಬೇರೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಜಿಎಂ ಡಯಟ್‌ನ ಪ್ರಚಾರದಲ್ಲಿರುವಂತೆ ಏಳು ದಿನಗಳಲ್ಲಿ ಐದು ಕಿಲೋ ಕೊಬ್ಬು ಕರಗಬೇಕಾದರೆ ದಿನಕ್ಕೆ 5,500 ಕ್ಯಾಲೊರಿ ಕೊರತೆಯಾಗಬೇಕು. ಮನೆಗೆಲಸ, ತೋಟದ ಕೆಲಸ ಮಾಡುವ ನಮ್ಮ ಹೆಂಗಸರು ಇಡೀ ದಿನ ಖರ್ಚು ಮಾಡುವುದೇ ಎರಡು ಸಾವಿರದ ಆಸುಪಾಸಿನಲ್ಲಿ ಎಂದ ಮೇಲೆ, ಏನನ್ನೂ ತಿನ್ನದೆ ಮಲಗಿದರೂ ಆ ಲೆಕ್ಕ ಕೂಡಿಬರುವುದಿಲ್ಲ.

ನೀರು ಹೋದ ಮೇಲೆ ನಿಜವಾದ ಜಗ್ಗಾಟ ಶುರುವಾಗುತ್ತದೆ. ಆಹಾರ ಒಮ್ಮೆಲೇ ಕಡಿಮೆಯಾದಾಗ ದೇಹ ಅದನ್ನು ಬರಗಾಲವೆಂದೇ ತಿಳಿಯುತ್ತದೆ. ಪ್ರೊಟೀನೂ ಸಾಲದಿದ್ದರೆ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸುತ್ತದೆ, ಖರ್ಚನ್ನು ಬಿಗಿಹಿಡಿಯುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ಅಮೆರಿಕದ ಟಿವಿಯ ತೂಕ ಇಳಿಸುವ ಸ್ಪರ್ಧೆಯೊಂದರ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಪ್ರಕಟವಾಯಿತು. ಹೆಚ್ಚಿನವರಿಗೆ ಕಳೆದುಕೊಂಡ ತೂಕದ ಬಹುಪಾಲು ಹಿಂದಿರುಗಿತ್ತು, ಆದರೂ ವಿಶ್ರಾಂತಿಯಲ್ಲಿ ಅವರ ದೇಹ ಸುಡುತ್ತಿದ್ದ ಶಕ್ತಿ ನಿರೀಕ್ಷಿತ ಮಟ್ಟಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಕಡಿಮೆಯಿತ್ತು. ಅದು ನಮ್ಮಲ್ಲಿ ಒಂದು ಹೊತ್ತಿನ ಊಟ. ತೂಕ ಮರಳಿ ಬಂದವರನ್ನು “ಬಾಯಿ ಕಟ್ಟಲಾಗದವರು” ಎಂದು ಜರೆಯುವ ನೆಂಟರು ಇದನ್ನು ತಿಳಿದಿರಬೇಕು.

ಹಾಗಾದರೆ ತಪ್ಪು ಅನ್ನದ್ದೋ ಎಣ್ಣೆಯದ್ದೋ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಕೊಬ್ಬನ್ನೂ ಇನ್ನೊಂದು ಪಾಲಿನವರಿಗೆ ಪಿಷ್ಟವನ್ನೂ ಕಡಿಮೆ ಮಾಡಿಸಿ ಒಂದು ವರ್ಷ ಗಮನಿಸಿದರು. 2018ರ ಅವರ ವರದಿಯಂತೆ ಇಳಿಕೆ ಸರಾಸರಿ 5.3 ಮತ್ತು 6.0 ಕಿಲೋ, ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎರಡೂ ಪಾಲಿನವರಿಗೆ ಸಕ್ಕರೆ, ಮೈದಾ ಕಡಿಮೆ ಮಾಡಿ ತರಕಾರಿ ಹೆಚ್ಚು ತಿನ್ನಲು ಹೇಳಿದ್ದರು ಎಂಬುದನ್ನು ಮರೆಯಬಾರದು.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನನ್ನ ಚಿಂತೆ ರಸಗಳದ್ದು ಮತ್ತು ಮಾತ್ರೆಗಳದ್ದು. ಮೀನಿನ ಸಾರಿಗೂ ಉಪ್ಪಿನಕಾಯಿಗೂ ನಾವು ಬಳಸುವ ಬಿಂಬುಳಿ ಹಿತ್ತಿಲಿನ ಸಾಧು ಗಿಡ. ಆದರೆ ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ಗಟ್ಟಿ ರಸ ಕುಡಿದು, ಅದರಲ್ಲಿರುವ ಆಕ್ಸಲೇಟ್ ಎಂಬ ಹುಳಿಯ ಅಂಶದಿಂದ ಮೂತ್ರಪಿಂಡ ಕೆಟ್ಟ ಹತ್ತು ಮಂದಿಯ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಸೋರೆಕಾಯಿಯ ರಸ ಕಹಿಯಾಗಿದ್ದರೆ ಒಂದು ಗುಟುಕೂ ಕುಡಿಯಬಾರದು. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ನಮ್ಮ ದೇಶದಲ್ಲಿ ಅದರಿಂದ ಸಾವುಗಳೂ ಆಗಿವೆ. “ಕಹಿ ಇದ್ದಷ್ಟೂ ಮದ್ದು” ಎಂಬ ನಂಬಿಕೆ ಇಲ್ಲಿ ನಡೆಯದು.

ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಅನ್ನ ಬಿಟ್ಟರೆ ರಕ್ತದ ಸಕ್ಕರೆ ತೀರಾ ಕುಸಿದು ಎಚ್ಚರ ತಪ್ಪಬಹುದು. ಹೆಸರಿನ ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಎಂದಿರುವ ಮಾತ್ರೆ ನುಂಗುವವರು ಕೀಟೋ ಹಿಡಿದರೆ, ಸಕ್ಕರೆಯ ಅಂಕಿ ಹೆಚ್ಚೇನೂ ಏರದಿದ್ದರೂ ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಅಪಾಯ ಬರಬಹುದು. ಕೀಟೋ 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಅಪಸ್ಮಾರದ ಚಿಕಿತ್ಸೆಯಾಗಿ ರೂಪುಗೊಂಡ ಪಥ್ಯ. ಅಂದರೆ ವೈದ್ಯರ ಕಣ್ಗಾವಲಿನಲ್ಲಿ ನಡೆಯಬೇಕಾದದ್ದು. ನಮ್ಮೂರಲ್ಲಿ ಅದು ತೆಂಗಿನೆಣ್ಣೆಯನ್ನು ಚಮಚಗಟ್ಟಲೆ ಕುಡಿಯುವ ವ್ರತವಾಗಿದೆ. 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಬಂದ ಕಾಸರಗೋಡಿನಲ್ಲಿ ತೆಂಗಿನೆಣ್ಣೆಯ ಬಗ್ಗೆ ಮಾತಾಡಿದರೆ ಬೈಗುಳ ಗ್ಯಾರಂಟಿ, ಆದರೂ ಹೇಳುತ್ತೇನೆ: ಅದರಲ್ಲಿ ಶೇಕಡಾ 80ಕ್ಕೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು ಇದೆ. ಒಗ್ಗರಣೆಗೆ ಇರಲಿ, ಕುಡಿಯಲು ಬೇಡ.

ಕೊನೆಗೆ ಡಯಟ್ ಮುರಿದುಬೀಳುವುದು ಅಡುಗೆಮನೆಯಲ್ಲಿ. ಮನೆಯವರಿಗೆಲ್ಲ ಕುಚ್ಚಿಲಕ್ಕಿ ಗಂಜಿ ಬೇಯಿಸಿ, ತನಗೊಬ್ಬಳಿಗೆ ಬೇರೆ ಮಾಡಿಕೊಳ್ಳುವ ಹೆಂಗಸು ಎಷ್ಟು ದಿನ ಹಾಗೆ ನಡೆಸಿಯಾಳು? ಹಲಸಿನ ಕಾಲ ಬರುತ್ತದೆ, ಬಾಣಂತಿಯನ್ನು ನೋಡಲು ಹೋಗಬೇಕಾಗುತ್ತದೆ, ಜ್ವರ ಬಂದರೆ ಗಂಜಿಯೇ ಬೇಕಾಗುತ್ತದೆ. ಆದ್ದರಿಂದ ನಾನು ಅನ್ನ ಬಿಡಿಸುವುದಿಲ್ಲ, ಎರಡು ಸೌಟನ್ನು ಒಂದಕ್ಕೆ ಇಳಿಸುತ್ತೇನೆ. ಆ ಜಾಗಕ್ಕೆ ಬಸಳೆ, ಹರಿವೆ, ಅಳಸಂಡೆ ಪಲ್ಯ, ಹೆಸರುಕಾಳು, ತಿನ್ನುವವರಾದರೆ ಹುರಿಯದ ಬೂತಾಯಿ ಮೀನು. ಸಂಜೆಯ ಚಹಾದ ಸಕ್ಕರೆ ಮತ್ತು ಬೇಕರಿಯ ಪೊಟ್ಟಣದ ಬಗ್ಗೆ ಮಾತ್ರ ನಾನು ಸ್ವಲ್ಪ ನಿಷ್ಠುರಳು. ಇದರಿಂದ ತಿಂಗಳಿಗೆ ಒಂದೋ ಎರಡೋ ಕಿಲೋ ಇಳಿಯಬಹುದು, ಅತ್ತಿಗೆಯ ಮೂರು ಕಿಲೋದ ಮುಂದೆ ಅದು ಸಪ್ಪೆಯಾಗಿಯೇ ಕೇಳಿಸುತ್ತದೆ. ಅವರ ತೂಕವನ್ನು ಬರುವ ವರ್ಷ ಇದೇ ಹೊತ್ತಿಗೆ ಮತ್ತೊಮ್ಮೆ ವಿಚಾರಿಸಿ ನೋಡಿ. ನನ್ನ ಬಳಿಗೆ ಬರುವುದಾದರೆ ಮಾತ್ರೆಯ ಚೀಟಿಯನ್ನು ಮರೆಯದೆ ತನ್ನಿ.